ಕಳೆ ಕತ್ತರಿಸುವ ಮೆಷಿನ್‌ಗೆ ವಾರಂಟಿ ಇಲ್ಲ ಅಂದರೆ ಏನು ಮಾಡಬೇಕು?

ಎಂಟು ತಿಂಗಳ ಟು-ಸ್ಟ್ರೋಕ್ ಬ್ರಶ್ ಕಟರ್ ಜಾಮ್ ಆಗಿದೆ, 'ಪೆಟ್ರೋಲಿಗೆ ಆಯಿಲ್ ಬೆರೆಸಿಲ್ಲ, ನಿಮ್ಮದೇ ತಪ್ಪು' ಅಂತ ಸರ್ವಿಸ್ ಸೆಂಟರ್‌ನವರು ಕೈಚೆಲ್ಲಿದ್ದಾರೆ ಅಂದಿದ್ದೀರಿ. ಬಾಯಿಮಾತಿಗೆ ಒಪ್ಪಿಕೊಂಡು ಬರಬೇಡಿ. ವಾರಂಟಿಯ ಯಾವ ಷರತ್ತಿನ ಪ್ರಕಾರ ಆಗಲ್ಲ ಅಂತ ಬರೆದುಕೊಡಲು ಹೇಳಿ. ಪಿಸ್ಟನ್, ಸಿಲಿಂಡರ್ ಫೋಟೋನೂ ಕೇಳಿ.

ಅಸಲಿ ವಿಷಯ ಇರೋದು ಆ ಫೋಟೋದಲ್ಲೇ. ಆಯಿಲ್ ಇಲ್ಲದೆ ಓಡಿಸಿದರೆ ಪಿಸ್ಟನ್ ಮೇಲೆ ಉದ್ದುದ್ದ ಗೀರು ಬೀಳುತ್ತವೆ, ನಿಜ. ಆದರೆ ಎಂಜಿನ್ನಿಗೆ ಹೊರಗಿನ ಗಾಳಿ ಹೋಗದಂತೆ ತಡೆಯುವ ಕ್ರ್ಯಾಂಕ್ ಸೀಲ್ ಅಥವಾ ಗ್ಯಾಸ್ಕೆಟ್ ಸೋರಿ ಗಾಳಿ ಒಳಗೆ ನುಗ್ಗಿದರೂ ಇಂಧನ ಕಡಿಮೆಯಾಗಿ, ಬಿಸಿ ಜಾಸ್ತಿಯಾಗಿ, ಅಂಥದೇ ಗೀರು ಬೀಳಬಹುದು. ಅದು ನಿಮ್ಮ ತಪ್ಪಲ್ಲ ಅಲ್ವಾ? 'ಪ್ರೆಶರ್ ಮತ್ತು ವ್ಯಾಕ್ಯೂಮ್ ಟೆಸ್ಟ್ ಮಾಡಿದ್ದೀರಾ?' ಅಂತ ನೇರವಾಗಿ ಕೇಳಿ; ಗಾಳಿ ಸೋರುತ್ತಿದೆಯಾ ಅಂತ ನೋಡುವ ಪರೀಕ್ಷೆ ಅದು.

ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಚೆಲ್ಲಬೇಡಿ, ಅದೇ ನಿಮ್ಮ ಸಾಕ್ಷಿ. ಬೆಂಕಿಯಿಂದ ದೂರ, ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಪೆಟ್ರೋಲ್ ಆರಿದ ಮೇಲೂ ಜಿಡ್ಡಿನ ಕಲೆ ಉಳಿದರೆ ಆಯಿಲ್ ಇತ್ತು ಅಂತ. ಅಳತೆ ಎಷ್ಟು ಅಂತ ಇದರಿಂದ ಗೊತ್ತಾಗಲ್ಲ. ನಿಮ್ಮ ಮೆಷಿನ್‌ಗೆ 50:1 (50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಅಂತ ಹೇಳಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್ ಇರಬೇಕು.

ಬಿಲ್, ಆಯಿಲ್ ಕೊಂಡ ರಸೀದಿ, ಫೋಟೋ ಎಲ್ಲ ಸೇರಿಸಿ ನೇರವಾಗಿ ತಯಾರಕ ಕಂಪನಿಗೇ ಬರೆಯಿರಿ. ಉತ್ತರ ಬರುವವರೆಗೆ ಬೇರೆ ಮೆಕ್ಯಾನಿಕ್ ಕೈಗೆ ಮೆಷಿನ್ ಕೊಡಬೇಡಿ. ಸುಮ್ನೆ ಒಮ್ಮೆ ಬಿಚ್ಚಿಸಿದರೂ ಅದೇ ಅವರಿಗೆ ಹೊಸ ನೆಪ ಆಗುತ್ತೆ.

ಹಳೇ ಪೆಟ್ರೋಲಿಂದ ಕಾರ್ಬುರೇಟರ್ ಕಟ್ಟಿಕೊಂಡಿದ್ದರೆ ಮಾತ್ರ ಜಗ್ಗಾಡಿ ಪ್ರಯೋಜನ ಕಡಿಮೆ. ಅದು ಸಾಮಾನ್ಯವಾಗಿ ವಾರಂಟಿಗೆ ಬರಲ್ಲ.