ಓದುಗರ ಪ್ರಶ್ನೆ: ಹೊಸ ಸ್ಟೀರಿಯೋ ಹಾಕ್ಸಿದ್ಮೇಲೆ ಬ್ಯಾಟರಿ ಯಾಕೆ ಇಳೀತಿದೆ?

ಈ ಸಲ ಬಂದಿರೋ ಪತ್ರಗಳಲ್ಲಿ ಕಾರ್ ಸ್ಟೀರಿಯೋ ಗೋಳೇ ಜಾಸ್ತಿ, ಅದಕ್ಕೇ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ತಗೊಂಡಿದೀವಿ. ಎಲ್ಲಾ ಓದಿದ್ಮೇಲೆ ಅನ್ಸಿದ್ದು ಇಷ್ಟೇ, ಯಾರದ್ದೂ ಸೆಟ್ ಕೆಟ್ಟಂಗಿಲ್ಲ, ಕೆಟ್ಟಿರೋದು ಫಿಟ್ಟಿಂಗು.

ಪ್ರಶ್ನೆ: ಸಾರ್ ನಮಸ್ಕಾರ, ನಮ್ಮ ಹಳೇ ವ್ಯಾಗನ್ ಆರ್‌ಗೆ ಹೊಸ ಡಬಲ್ ಡಿನ್ (ಎರಡು ಪಟ್ಟು ಎತ್ತರದ್ದು) ಸ್ಟೀರಿಯೋ ಹಾಕ್ಸಿದೆ. ಕೀ ತೆಗೆದಾಗಲೆಲ್ಲ ಟೈಮು, ರೇಡಿಯೋ ಸ್ಟೇಷನ್ನು ಎಲ್ಲಾ ಅಳಿಸಿ ಹೋಗ್ತಿತ್ತು. ಅಂಗಡಿಯವ್ರು ಏನೋ ವೈರ್ ಬದಲಾಯಿಸಿ ಕೊಟ್ರು, ಈಗ ಸೆಟ್ಟಿಂಗ್ ಉಳೀತಿದೆ, ಆದ್ರೆ ಕೀ ತೆಗೆದ್ರೂ ಸೆಟ್ ಆಫ್ ಆಗಲ್ಲ, ಬಟನ್ ಒತ್ತಿ ಆಫ್ ಮಾಡ್ಬೇಕು, ಮೂರ್ನಾಲ್ಕು ದಿನ ಗಾಡಿ ನಿಲ್ಸಿದ್ರೆ ತಳ್ಳಿ ಸ್ಟಾರ್ಟ್ ಮಾಡೋ ಪರಿಸ್ಥಿತಿ. ಬ್ಯಾಟರಿ ಬದಲಾಯಿಸಿ ಅಂತಿದಾರೆ, ಏನ್ ಮಾಡ್ಲಿ?
– ಹಾಸನದ ಓದುಗರು

ಉತ್ತರ: ಸ್ವಲ್ಪ ತಡೀರಿ, ಈಗಲೇ ಬ್ಯಾಟರಿಗೆ ದುಡ್ಡು ಹಾಕ್ಬೇಡಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ. ಸೆಟ್ ಹಿಂದೆ ಕರೆಂಟಿಗೆ ಅಂತ ಎರಡು ವೈರ್ ಇರುತ್ತೆ, ಹಳದಿ ಮತ್ತೆ ಕೆಂಪು. ಹಳದಿಗೆ ಬ್ಯಾಟರಿಯಿಂದ ಯಾವಾಗ್ಲೂ 12 ವೋಲ್ಟ್ ಸಿಗ್ತಾ ಇರ್ಬೇಕು, ಟೈಮು ಸ್ಟೇಷನ್ನು ನೆನಪಿಟ್ಕೊಳ್ಳೋದು ಅದ್ರಿಂದಲೇ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬರ್ಬೇಕು, ಸೆಟ್ಟಿಗೆ ಏಳು, ಮಲಗು ಅಂತ ಹೇಳೋದು ಅದು. ಮೊದಲ ಸಲ ನಿಮ್ಮವ್ರು ಎರಡನ್ನೂ ಸೇರ್ಸಿ ಕೀ ಲೈನಿಗೆ ಕೊಟ್ಟಿರ್ತಾರೆ, ಇಲ್ಲಾ ಎರಡನ್ನೂ ಅದಲುಬದಲು ಮಾಡಿರ್ತಾರೆ. ನೀವು ಹೋಗಿ ಕೇಳಿದ್ಮೇಲೆ ಎರಡನ್ನೂ ಸೇರ್ಸಿ ನೇರ ಬ್ಯಾಟರಿ ಲೈನಿಗೆ ಕೊಟ್ಟಿದಾರೆ. ಸೆಟ್ಟಿಗೆ ಕೀ ತೆಗೆದಿದ್ದೇ ಗೊತ್ತಾಗ್ತಿಲ್ಲ! ಬಟನ್ ಒತ್ತಿದ್ರೂ ಅದು ಪೂರ್ತಿ ಮಲಗಲ್ಲ, ಒಳಗೊಳಗೇ ಎಳೀತಾನೇ ಇರುತ್ತೆ. ಲೆಕ್ಕ ಹಾಕಿ, ಅರ್ಧ ಆಂಪಿಯರ್ ಎಳೆದ್ರೂ ದಿನಕ್ಕೆ 12 ಆಂಪಿಯರ್ ಅವರ್ ಆಯ್ತು, ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಮೂರನೇ ದಿನಕ್ಕೆ ಖಾಲಿ.

ಅನುಮಾನ ಇದ್ರೆ ಮಲ್ಟಿಮೀಟರ್ 10 ಆಂಪಿಯರಿಗೆ ಇಟ್ಟು (ಕೆಂಪು ಪ್ರೋಬ್ ಕೂಡ ಆ 10 ಆಂಪಿಯರ್ ತೂತಲ್ಲೇ ಇರ್ಲಿ), ಕೀ ತೆಗೆದು ಬಾಗಿಲು ಹಾಕಿ, ಬ್ಯಾಟರಿ ನೆಗೆಟಿವ್ ಕೇಬಲ್ ಬಿಚ್ಚಿ ಮಧ್ಯ ಮೀಟರ್ ಸೇರ್ಸಿ ಅರ್ಧ ಗಂಟೆ ಬಿಟ್ಟು ನೋಡಿ. ಸಾಮಾನ್ಯವಾಗಿ 50 ಮಿಲಿ ಆಂಪಿಯರ್ ಒಳಗೆ ಇರ್ಬೇಕು. ಜಾಸ್ತಿ ತೋರ್ಸಿದ್ರೆ ಸೆಟ್ಟಿನ ಹಿಂದಿನ ಫ್ಯೂಸ್ ಕಿತ್ತು ನೋಡಿ, ಆಗ ಇಳಿದ್ರೆ ಕಳ್ಳ ಸಿಕ್ಕಂಗೆ. ಮೀಟರ್ ಸೇರ್ಸಿದಾಗ ಮಾತ್ರ ಸೆಲ್ಫ್ ಹೊಡೀಬೇಡಿ, ಮೀಟರಿನ ಫ್ಯೂಸ್ ಹಾರುತ್ತೆ.

ಸೆಟ್ಟಿನ ವೈರ್ ಬಣ್ಣಕ್ಕೂ ಕಾರಿನ ವೈರ್ ಬಣ್ಣಕ್ಕೂ ಸಂಬಂಧ ಇರ್ಬೇಕು ಅಂತೇನಿಲ್ಲ, ಬಣ್ಣ ನೋಡಿ ಜೋಡಿಸೋರು ಇಲ್ಲೇ ಎಡವೋದು. ಫೋಕ್ಸ್‌ವ್ಯಾಗನ್‌ನಂಥ ಕಾರುಗಳಲ್ಲಿ ಈ ಎರಡೂ ಲೈನ್ ಅದಲುಬದಲಾಗಿ ಬರೋದೂ ಉಂಟು, ಅದಕ್ಕೇ ಎಷ್ಟೋ ಕಪ್ಲರ್‌ಗಳಲ್ಲಿ (ಕಾರಿನ ವೈರಿಗೂ ಸೆಟ್ಟಿನ ವೈರಿಗೂ ಮಧ್ಯ ಸಿಕ್ಕಿಸೋ ಪ್ಲಗ್) ಹಳದಿ ಕೆಂಪು ಬಿಚ್ಚಿ ಬದಲಾಯಿಸೋ ಜಾಯಿಂಟ್ ಕೊಟ್ಟಿರ್ತಾರೆ. ನಿಮ್ಮ ಕಾರಿನ ಮಾಡೆಲ್ಲಿಗೇ ಬರೋ ಕಪ್ಲರ್ ತಂದು ಅದನ್ನೇ ಹಾಕಿ ಅಂತ ಹಟ ಹಿಡೀರಿ, ವೈರ್ ಕತ್ತರಿಸಿ ಟೇಪ್ ಸುತ್ತೋಕೆ ಬಿಡ್ಬೇಡಿ, ಬಿಸಿಲಿಗೆ ಆ ಅಂಟು ಕರಗಿ ಟೇಪ್ ಬಿಚ್ಕೊಳ್ಳುತ್ತೆ. ಆಮೇಲೆ ಬ್ಯಾಟರಿ ಫುಲ್ ಚಾರ್ಜ್ ಮಾಡ್ಸಿ ರಾತ್ರಿಯೆಲ್ಲ ಬಿಡಿ, ಬೆಳಗ್ಗೆ 12.6 ವೋಲ್ಟ್ ಹತ್ರ ನಿಂತಿದ್ರೆ ಸದ್ಯಕ್ಕೆ ಬದಲಾಯಿಸೋ ಅಗತ್ಯ ಇಲ್ಲ.

ಪ್ರಶ್ನೆ: ಡಿಕ್ಕಿಯಲ್ಲಿ ಆಂಪ್ (ಆಂಪ್ಲಿಫೈಯರ್), ಬೇಸಿಗೆ ಅಂತ ಸಬ್ ವೂಫರ್ ಹಾಕ್ಸಿದೀನಿ. ಎಕ್ಸಲರೇಟರ್ ಒತ್ತಿದಂಗೆಲ್ಲ ಸ್ಪೀಕರಲ್ಲಿ ಕುಂಯ್ಯ್ ಅಂತ ಸೌಂಡು ಏರುತ್ತೆ, ಹಾಡು ನಿಲ್ಸಿದ್ರೂ ಬರುತ್ತೆ.
– ದಾವಣಗೆರೆಯ ಓದುಗರು

ಉತ್ತರ: ಅದು ಆಲ್ಟರ್ನೇಟರಿಂದ (ಇಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡೋ ಜನರೇಟರ್) ಬರೋ ಸೌಂಡು, ಇಂಜಿನ್ ಜೊತೆ ಏರಿಳಿದ್ರೆ ಬೇರೆ ಕಡೆ ಹುಡುಕೋದೇ ಬೇಡ. ಮೊದಲು ಆಂಪಿನ ಅರ್ತ್ (ಕಾರಿನ ಬಾಡಿಗೆ ಸೇರ್ಸೋ ಮೈನಸ್ ವೈರ್) ನೋಡಿ, ಪೇಂಟ್ ಮೇಲೇ ಬೋಲ್ಟ್ ಟೈಟ್ ಮಾಡಿರ್ತಾರೆ, ಅಲ್ಲಿ ಪೇಂಟ್ ಕೆರೆದು ಬರೀ ಕಬ್ಬಿಣ ಕಾಣೋ ಹಾಗೆ ಮಾಡಿ ಬಿಗಿ ಮಾಡ್ಬೇಕು, ಅರ್ತ್ ವೈರ್ ಗಿಡ್ಡ ಇದ್ದಷ್ಟೂ ಒಳ್ಳೇದು. ಆಮೇಲೆ ಬ್ಯಾಟರಿಯಿಂದ ಬರೋ ದಪ್ಪ ಕೇಬಲ್ಲನ್ನೂ ಸೆಟ್ಟಿಂದ ಆಂಪಿಗೆ ಹಾಡಿನ ಸಿಗ್ನಲ್ ತರೋ ಆರ್‌ಸಿಎ ಕೇಬಲ್ಲನ್ನೂ ಒಟ್ಟಿಗೆ ಕಟ್ಟಿ ತಂದಿದಾರಾ ನೋಡಿ, ಒಂದು ಎಡಗಡೆ ಬಂದ್ರೆ ಇನ್ನೊಂದು ಬಲಗಡೆ ಬರ್ಬೇಕು. ಇದೇನೂ ಮಾಡ್ದೆ ಫಿಲ್ಟರ್ ಹಾಕ್ಸಿ ಅಂತ ಹೇಳಿದ್ರೆ ಒಪ್ಕೋಬೇಡಿ, ಅದು ಕೊನೇ ದಾರಿ. ಹಾಗೇ ಆ ದಪ್ಪ ಕೇಬಲ್ಲಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇದೆಯಾ ಅಂತಾನೂ ನೋಡ್ಬಿಡಿ, ಇಲ್ದಿದ್ರೆ ಕೇಬಲ್ ಉಜ್ಜಿ ಶಾರ್ಟ್ ಆದ ದಿನ ಗಾಡಿಗೇ ಬೆಂಕಿ ಹತ್ಬಹುದು.

ಪ್ರಶ್ನೆ: ಕಂಪನಿ ಸೆಟ್ಟಲ್ಲಿ 101.3 ಎಫ್‌ಎಂ ರೇನ್‌ಬೋ ಚೆನ್ನಾಗಿ ಬರ್ತಿತ್ತು, ಹೊಸ ಸೆಟ್ಟಲ್ಲಿ ಬೆಂಗಳೂರು ಸಿಟಿ ಒಳಗೇ ಗರಗರ.
– ಯಲಹಂಕದ ಓದುಗರು

ಉತ್ತರ: ಸೆಟ್ಟಿನ ಹಿಂದಿನ ನೀಲಿ ವೈರ್ ಕೊಟ್ಟಿಲ್ಲ ಅನ್ಸುತ್ತೆ. ರೂಫ್ ಮೇಲಿನ ಗಿಡ್ಡ ಆಂಟೆನಾಗಳಲ್ಲಿ ಎಷ್ಟೋ ಸಲ ಒಂದು ಚಿಕ್ಕ ಆಂಪ್ಲಿಫೈಯರ್ ಇರುತ್ತೆ, ಅದಕ್ಕೆ ನೀಲಿ ವೈರಿಂದ 12 ವೋಲ್ಟ್ ಹೋಗ್ಬೇಕು. ಕೊಟ್ಟಿದ್ರೂ ಗರಗರ ಅಂದ್ರೆ ಡ್ಯಾಶ್‌ಕ್ಯಾಮ್, ಮೊಬೈಲ್ ಚಾರ್ಜರ್ ಕಿತ್ತು ಕೇಳಿ, ಕಮ್ಮಿ ರೇಟಿನ ಚಾರ್ಜರ್‌ಗಳು ಎಫ್‌ಎಂಗೆ ಶತ್ರುಗಳು.

ಪ್ರಶ್ನೆ: ನಾಲ್ಕೂ ಸ್ಪೀಕರ್ ಹೊಸದು, ಆದ್ರೂ ಬೇಸ್ ಇಲ್ವೇ ಇಲ್ಲ.
– ಶಿರಸಿಯ ಓದುಗರು

ಉತ್ತರ: ಬ್ಯಾಲೆನ್ಸ್ ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿ. ಒಂದೇ ಪಕ್ಕ ಓಡುವಾಗ ಬೇಸ್ ಬಂದು ಮಧ್ಯಕ್ಕೆ ತಂದಾಗ ಹೋದ್ರೆ, ಯಾವ್ದೋ ಒಂದು ಸ್ಪೀಕರಿಗೆ ಪ್ಲಸ್ ಮೈನಸ್ ಉಲ್ಟಾ ಆಗಿದೆ. ಸೆಟ್ಟಿಂದ ಬಿಚ್ಚಿದ ಸ್ಪೀಕರ್ ವೈರಿಗೆ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ, ಪ್ಲಸ್ ವೈರಿಗೆ ಸೆಲ್ಲಿನ ಪ್ಲಸ್ಸು. ಕೋನ್ ಹೊರಗೆ ಬಂದ್ರೆ ಸರಿ, ಒಳಗೆ ಹೋದ್ರೆ ಅದೇ ಉಲ್ಟಾ ಆಗಿರೋದು. ಸೆಟ್ಟಿನ ಕಡೆ ಕಪ್ಪು ಗೆರೆ ಇರೋ ವೈರ್ ಮೈನಸ್ಸು. ಅದನ್ನ ಯಾವ ಕಾರಣಕ್ಕೂ ಕಾರಿನ ಬಾಡಿಗೆ ಅರ್ತ್ ಮಾಡ್ಬೇಡಿ, ಈಗಿನ ಸೆಟ್ಟುಗಳಲ್ಲಿ ಹಾಗೆ ಮಾಡಿದ್ರೆ ಒಳಗಿನ ಆಂಪ್ ಐಸಿನೇ (ಚಿಪ್) ಹೋಗುತ್ತೆ.