ಮರ, ಹೊಳೆ, ಕಾಲ್ನಡಿಗೆ: ನೀವು ಕೇಳಿದ್ದು, ನಾವು ಹೇಳಿದ್ದು

ಕಳೆದ ಸಂಚಿಕೆಯಲ್ಲಿ ನಡೆಯುವುದನ್ನೇ ಕಲೆ ಮಾಡಿಕೊಂಡವರ ಬಗ್ಗೆ ಒಂದು ಪುಟ ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅರ್ಧದಲ್ಲಿ ಬೈಗುಳ, ಅರ್ಧದಲ್ಲಿ ಕುತೂಹಲ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಹಾಗಾಗಿ ಎಲ್ಲರದ್ದೂ ಊರಷ್ಟೇ ಹಾಕಿದ್ದೇನೆ.

ಹುಲ್ಲಿನ ಮೇಲೆ ಹಿಂದೆ ಮುಂದೆ ಓಡಾಡಿ ಒಂದು ಗೆರೆ ಮೂಡಿಸಿ ಅದನ್ನು ಕಲೆ ಅಂದರೆ, ನಮ್ಮ ಮನೆ ಎಮ್ಮೆಗಳು ದಿನಾ ಕೆರೆಗೆ ಹೋಗಿ ಬರುತ್ತಾ ಅದನ್ನೇ ಮಾಡುತ್ತಿವೆ. ತಮಾಷೆ ಮಾಡ್ತಿದ್ದೀರಾ ಸ್ವಾಮಿ?
— ಹಾಸನದ ಓದುಗರು

ನಿಮ್ಮ ಪತ್ರ ಓದಿ ಜೋರಾಗಿ ನಕ್ಕೆ. ಆದರೆ ಎಮ್ಮೆಗೆ ಕೆರೆ ಸೇರಬೇಕು. ಆ ಹುಡುಗನಿಗೆ ಎಲ್ಲಿಗೂ ಹೋಗಬೇಕಿರಲಿಲ್ಲ.

ಕಥೆ ಇದು. 1967ನೇ ಇಸವಿ. ರಿಚರ್ಡ್ ಲಾಂಗ್‌ಗೆ ಆಗ 22 ವರ್ಷ. ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾ ಶಾಲೆಯ ವಿದ್ಯಾರ್ಥಿ. ತನ್ನೂರು ಬ್ರಿಸ್ಟಲ್‌ಗೂ ಲಂಡನ್ನಿಗೂ ಓಡಾಡುವ ದಾರಿಯಲ್ಲಿ ಒಂದು ಹುಲ್ಲುಗಾವಲಿಗೆ ಇಳಿದ. ನೇರವಾಗಿ ನಡೆದ, ತಿರುಗಿ ಅದೇ ಜಾಡಿನಲ್ಲಿ ಬಂದ, ಮತ್ತೆ ಹೋದ. ತುಳಿದ ಹುಲ್ಲು ಬಿಸಿಲಿಗೆ ಬೇರೆಯಾಗಿ ಕಾಣುವವರೆಗೂ ನಡೆದು, ಒಂದು ಕಪ್ಪು ಬಿಳುಪು ಫೋಟೋ ತೆಗೆದು ಹೊರಟುಹೋದ. ಆ ಕಾಲಕ್ಕೆ ಅದೇ ಶಾಲೆಯಲ್ಲಿ ಶಿಲ್ಪ ಅಂದರೆ ಕಬ್ಬಿಣಕ್ಕೆ ವೆಲ್ಡಿಂಗ್ ಮಾಡಿ ಬಣ್ಣ ಬಳಿದು ನಿಲ್ಲಿಸುವುದು. ಹಾಗಿರುವಾಗ ಒಬ್ಬ ಹುಡುಗ ತೂಕವೇ ಇಲ್ಲದ, ಹುಲ್ಲು ಮತ್ತೆ ಎದ್ದು ನಿಂತರೆ ಅಳಿಸಿಹೋಗುವ ಶಿಲ್ಪ ಮಾಡಿದ. ಜನ ಇವತ್ತಿಗೂ ಅದರ ಬಗ್ಗೆ ಮಾತಾಡುವುದು ಅದಕ್ಕೇ. ಮುಂದೆ ಆತ ತನ್ನೂರಿನ ಏವನ್ ನದಿಯ ಕೆಸರನ್ನು ಅಂಗೈಯಲ್ಲಿ ಗೋಡೆಗೆ ಬಳಿದು ದೊಡ್ಡ ದೊಡ್ಡ ಚಿತ್ರ ಮಾಡಿದ. ನಮ್ಮ ಕಡೆಗೂ ಬಂದಿದ್ದ. ಮಹಾರಾಷ್ಟ್ರದ ವಾರ್ಲಿ ಚಿತ್ರಕಾರ ಜಿವ್ಯಾ ಸೋಮಾ ಮಾಶೆ ಜೊತೆ ಕೆಲಸ ಮಾಡಿದ. 2003ರಲ್ಲಿ ಜರ್ಮನಿಯಲ್ಲಿ ಇಬ್ಬರ ಕೆಲಸವನ್ನೂ ಒಟ್ಟಿಗೆ ಇಟ್ಟಿದ್ದರು.

ಮೆಚ್ಚಲೇಬೇಕು ಅಂತ ನಾನು ಹೇಳುತ್ತಿಲ್ಲ. ನನಗೂ ಆತನ ಕೆಲವು ಕಲ್ಲಿನ ವೃತ್ತಗಳು ಬೇಸರ ತರಿಸುತ್ತವೆ. ಆದರೆ ನಿಮ್ಮ ಎಮ್ಮೆಗಳ ಜಾಡನ್ನು ಒಂದು ಬೇಸಿಗೆ, ಒಂದು ಮಳೆಗಾಲ ಸರಿಯಾಗಿ ನೋಡಿ, ಅದು ಎಲ್ಲಿ ಸುತ್ತು ಹಾಕುತ್ತದೆ, ಯಾವ ಮರದ ಕೆಳಗೆ ಅಗಲವಾಗುತ್ತದೆ ಅಂತ ಒಂದು ನಕ್ಷೆ ಬರೆದು ಕಳಿಸಿ. ಚೆನ್ನಾಗಿದ್ದರೆ ಅಚ್ಚು ಹಾಕುತ್ತೇವೆ.

ನಾನು ನಿವೃತ್ತ ಶಿಕ್ಷಕಿ. ಮುಂಜಾನಿ ಪುಸ್ತಕ ಪೆನ್ಸಿಲ್ ಹಿಡಕೊಂಡು ಕೆರಿ ಕಡೆ ಹೋಗಿ ಗಿಡಾ ಮರಾ ಬರೀಬೇಕು ಅಂತ ಭಾಳ ಆಸೆ. ಆದ್ರ ಒಬ್ಬಾಕಿನ ಹೋಗಿ ಅಲ್ಲಿ ಕೂತ್ರ ಮಂದಿ ನೋಡ್ತಾರ. ಮೊಣಕಾಲು ಬ್ಯಾರೆ ನೋವು. ಏನ್ ಮಾಡ್ಲಿ ಹೇಳ್ರಿ.
— ಧಾರವಾಡದ ಓದುಗರು

ಟೀಚರ್, ಮಂದಿ ನೋಡುತ್ತಾರೆ, ಅದು ನಿಜ. ಒಂದು ವಾರ ನೋಡುತ್ತಾರೆ, ಆಮೇಲೆ ಬಂದು ಪುಸ್ತಕ ಇಣುಕುತ್ತಾರೆ, ಆಮೇಲೆ 'ಆ ಮರ ನಮ್ಮಜ್ಜ ಹಚ್ಚಿದ್ದು' ಅಂತ ಶುರು ಮಾಡುತ್ತಾರೆ. ಆ ಮಾತುಗಳನ್ನೂ ಚಿತ್ರದ ಪಕ್ಕದಲ್ಲೇ ಬರೆದುಕೊಳ್ಳಿ. ಮೊದಮೊದಲು ಒಬ್ಬ ಗೆಳತಿಯನ್ನು ಕರೆದುಕೊಂಡು ಹೋಗಿ. ಆಕೆಗೆ ಚಿತ್ರ ಬರೆಯಲು ಬರದಿದ್ದರೆ ಇನ್ನೂ ಒಳ್ಳೆಯದು, ಸುಮ್ನೆ ಮಾತಾಡುತ್ತಾ ಕೂರುತ್ತಾರೆ.

ಮೊಣಕಾಲಿನ ಬಗ್ಗೆ: ಇದರಲ್ಲಿ ದೂರಕ್ಕೆ ಮಾರ್ಕ್ಸ್ ಇಲ್ಲ. ಹ್ಯಾಮಿಶ್ ಫುಲ್ಟನ್ ಅನ್ನುವ ಇಂಗ್ಲಿಷ್ ಕಲಾವಿದ 1973ರಲ್ಲಿ ಬ್ರಿಟನ್ನಿನ ಉತ್ತರದ ತುದಿಯಿಂದ ನೈರುತ್ಯದ ತುದಿವರೆಗೆ 1,022 ಮೈಲಿಯನ್ನು 47 ದಿನದಲ್ಲಿ ನಡೆದು, ಇನ್ನು ಮೇಲೆ ನಡೆದದ್ದರಿಂದ ಹುಟ್ಟಿದ ಕೆಲಸ ಮಾತ್ರ ಮಾಡುತ್ತೇನೆ ಎಂದು ನಿರ್ಧರಿಸಿದ. ಅದೇ ಮನುಷ್ಯ 2011ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ಹಜಾರದೊಳಗೆ ಜನರನ್ನು ಸೇರಿಸಿ ಬಹಳ ನಿಧಾನವಾಗಿ ನಡೆಸಿದ. ಚೀನಾ ಸರ್ಕಾರ ಬಂಧಿಸಿದ್ದ ಕಲಾವಿದ ಐ ವೈವೈ ಪರವಾಗಿ ನಡೆದ ನಡಿಗೆ ಅದು. ಆ ದೊಡ್ಡ ಹಜಾರ ದಾಟಿ ಅವರು ಹೊರಗೂ ಹೋಗಲಿಲ್ಲ. ಹಾಗಾಗಿ ಸಾಧನಕೇರಿಯ ಒಂದು ದಂಡೆ ನಿಮಗೆ ಧಾರಾಳ ಸಾಕು. ಒಂದು ಮಡಚುವ ಸ್ಟೂಲ್ ತೆಗೆದುಕೊಳ್ಳಿ. ನೆಲಕ್ಕೆ ಕೂತು ಏಳುವುದೇ ಮೊಣಕಾಲಿಗೆ ದೊಡ್ಡ ಶಿಕ್ಷೆ.

ಮಕ್ಕಳನ್ನು ತುಂಗೆಯ ದಂಡೆಗೆ ಕರೆದುಕೊಂಡು ಹೋಗಿ ಚಿತ್ರ ಬರೆಸಿದೆ. ಮೂವತ್ತು ಮಕ್ಕಳೂ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನೀಲಿ ನದಿ ಬರೆದರು! ಎದುರಿಗೆ ಇದ್ದಿದ್ದು ಕೆಂಪು ನೀರು. ಏನು ಮಾಡುವುದು?
— ತೀರ್ಥಹಳ್ಳಿಯ ಶಿಕ್ಷಕರು

ಮೇಷ್ಟ್ರೇ, ಈ ಸಲದ ಪತ್ರಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ನಿಮ್ಮದು. ತಪ್ಪು ಮಕ್ಕಳದ್ದಲ್ಲ. ಕರೆದುಕೊಂಡು ಹೋಗಿ, ಕೂರಿಸಿ, 'ಬರೀರಿ' ಅಂದರೆ ಅವರು ನೋಡುವುದು ತಲೆಯೊಳಗಿನ ಡ್ರಾಯಿಂಗ್ ಪುಸ್ತಕವನ್ನೇ. ಮೊದಲು ನಡೆಸಿ. ಬರೆಯುವುದು ಆಮೇಲೆ.

ನಿಮ್ಮೂರಲ್ಲಿ ಒಂದು ಅದ್ಭುತ ಅನುಕೂಲ ಇದೆ, ಹೊಳೆ ನಡುವಿನ ರಾಮಮಂಟಪ. ಬೇಸಿಗೆಯಲ್ಲಿ ಬಂಡೆಗಳ ಮೇಲೆ ಪೂರ್ತಿ ಕಾಣುತ್ತದೆ, ಜೋರು ಮಳೆ ಬಂದರೆ ಮುಳುಗುತ್ತದೆ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಮಂಟಪ ಎಷ್ಟು ಕಾಣುತ್ತದೋ ಅಷ್ಟೇ ಬರೆಯಿರಿ ಅನ್ನಿ. ಒಂದು ಶಾಲಾ ವರ್ಷ ಮುಗಿಯುವಾಗ ಆ ಹಾಳೆಗಳನ್ನು ಸಾಲಾಗಿ ಗೋಡೆಗೆ ಅಂಟಿಸಿದರೆ ನದಿಯೇ ತನ್ನ ಲೆಕ್ಕ ಹೇಳುತ್ತದೆ. ಆಷಾಢದಲ್ಲಿ ದಂಡೆಗೆ ಇಳಿಸಬೇಡಿ, ರಸ್ತೆಯಿಂದಲೇ ನೋಡಲಿ.

ಬಣ್ಣಕ್ಕೆ ಅಂಗಡಿಗೆ ಹೋಗಬೇಡಿ. ನಿಮ್ಮ ಜಿಲ್ಲೆಯ ದೀವರ ಹೆಂಗಸರು ಹಸೆ ಚಿತ್ತಾರ ಬರೆಯುವುದು ಸುತ್ತಮುತ್ತ ಸಿಗುವುದರಿಂದಲೇ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ, ಕಪ್ಪಿಗೆ ಹುರಿದು ಕರಕಲು ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಬರೆಯಲು ಗೊತ್ತಿರುವ ಒಬ್ಬ ಅಜ್ಜಿಯನ್ನು ಶಾಲೆಗೆ ಕರೆಸಿ. ನಡೆಯುವಾಗ ದಾರಿಯಲ್ಲಿ ಮೂರ್ನಾಲ್ಕು ಕಡೆ ಒಂದೊಂದು ಚಿಟಿಕೆ ಮಣ್ಣು ತೆಗೆದು, ಸ್ವಲ್ಪ ಗೋಂದು ಕಲಸಿ ಹಾಳೆಗೆ ಬಳಿಯಲಿ. ಗುಡ್ಡದ ಮಣ್ಣು ಒಂದು ಕೆಂಪು, ಗದ್ದೆ ಬದುವಿನದ್ದು ಇನ್ನೊಂದು, ಹೊಳೆ ದಂಡೆಯದ್ದು ಬೂದು. ಇಷ್ಟು ನೋಡಿದ ಮಗು ಮತ್ತೆ ನೀಲಿ ನದಿ ಬರೆದರೆ, ಬರೆಯಲಿ ಬಿಡಿ, ಅದಕ್ಕೆ ನೀಲಿಯೇ ಇಷ್ಟ ಅಂತ.

ಹೊಳೆಯಲ್ಲಿ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಗೋಪುರ ಮಾಡಿ ಫೋಟೋ ಹಾಕಿದೆ. ತುಂಬಾ ಲೈಕ್ ಬಂತು, ಒಬ್ಬರು ಮಾತ್ರ ಬೈದರು. ಇದರಲ್ಲಿ ತಪ್ಪೇನಿದೆ?
— ಶಿರಸಿಯ ಓದುಗರು

ಬೈದವರು ಸರಿ.

ನಿಮ್ಮ ಕಡೆಯ ಹಳ್ಳಗಳಲ್ಲಿ ಒಂದು ಪುಟ್ಟ ಕಪ್ಪೆ ಇದೆ. 2014ರಲ್ಲಿ ವಿಜ್ಞಾನಿಗಳು ಅದಕ್ಕೆ ಕುಂಬಾರ ಕಪ್ಪೆ ಅಂತಲೇ ಹೆಸರಿಟ್ಟರು. ಮೊಟ್ಟೆ ಇಟ್ಟ ಮೇಲೆ ಗಂಡು ಕಪ್ಪೆ ಮುಂಗಾಲಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಆ ಕೆಲಸ ನಡೆಯುವುದು ಹಳ್ಳದ ಕಲ್ಲು, ಕಡ್ಡಿಗಳ ನಡುವೆ. ಕಲ್ಲಿನ ಅಡಿಯಲ್ಲಿ ಏಡಿ, ಮೀನಿನ ಮರಿ, ಕೀಟಗಳ ಸಂಸಾರವೂ ಇರುತ್ತದೆ. ನೀವೊಬ್ಬರು ನಾಲ್ಕು ಕಲ್ಲು ಎತ್ತಿದರೆ ಹಳ್ಳ ಹಾಳಾಗುವುದಿಲ್ಲ. ಆದರೆ ಲೈಕ್ ಬಿತ್ತು ಅಂದ್ರಲ್ಲ, ಮುಂದಿನ ಭಾನುವಾರ ಅಲ್ಲಿಗೆ ಹತ್ತು ಕಾರು ಬರುತ್ತವೆ. ಕಲ್ಲನ್ನು ಎತ್ತದೆ ಬರೆಯಿರಿ. ಫುಲ್ಟನ್ ಹಾಗೇ ಮಾಡುತ್ತಾನೆ, ನಡೆದ ಜಾಗದಿಂದ ಏನನ್ನೂ ತರುವುದಿಲ್ಲ, ಅಲ್ಲಿ ಏನನ್ನೂ ಕಟ್ಟುವುದಿಲ್ಲ, ಪದ ಮತ್ತು ಫೋಟೋ ಅಷ್ಟೇ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗಾದರೆ ಅನುಮತಿ ಇಲ್ಲದೆ ಕಾಲಿಡುವುದೇ ಕಾನೂನಿಗೆ ವಿರುದ್ಧ, ಅದೂ ನೆನಪಿರಲಿ.

ನಮಗೆ ಹೊಳೆಯೂ ಇಲ್ಲ, ಕಾಡೂ ಇಲ್ಲ. ಟ್ರಾಫಿಕ್ಕಿನಲ್ಲಿ ನಡೆದು ಏನು ಬರೆಯಲಿ?
— ಬೆಂಗಳೂರಿನ ಓದುಗರು

ಹೊಳೆ ಇಲ್ಲ ಅಂದವರು ಯಾರು? ವೃಷಭಾವತಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವನ ಹತ್ತಿರ. ಮೈಸೂರು ರಸ್ತೆಯ ಪಕ್ಕ ಹರಿದು, ಮುಂದೆ ಅರ್ಕಾವತಿ ಸೇರಿ, ಅದು ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಈಗ ಮೋರಿ ಅಂತ ಕರೆಯುತ್ತೇವೆ, ಮೂಗು ಮುಚ್ಚಿಕೊಳ್ಳುತ್ತೇವೆ, ಸರಿ. ಆದರೂ ಒಂದು ಭಾನುವಾರ ಬೆಳಗ್ಗೆ ಬಸವನಗುಡಿಯಿಂದ ಇಳಿಜಾರು ಹಿಡಿದು ನಡೆಯಿರಿ. ನೀರು ಯಾವ ಕಡೆ ಹೋಗಲು ನೋಡುತ್ತದೆ ಅಂತ ಕಾಲಿಗೇ ಗೊತ್ತಾಗುತ್ತದೆ. ಮಳೆ ಬಂದ ದಿನ ಯಾವ ಅಂಡರ್‌ಪಾಸ್ ತುಂಬುತ್ತದೆ, ಯಾಕೆ ತುಂಬುತ್ತದೆ ಅನ್ನುವುದೂ.

ಇನ್ನೊಂದು ನಡಿಗೆ ಹೇಳುತ್ತೇನೆ, ಇಲ್ಲದ ಕೆರೆಗಳ ಸುತ್ತ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಕ್ರೀಡಾಂಗಣ ಎದ್ದಿರುವುದು ಸಂಪಂಗಿ ಕೆರೆಯಲ್ಲಿ. ಕರಗದ ಆಚರಣೆಗೆ ಬೇಕು ಅಂತ ಆ ಕೆರೆಯ ಒಂದು ಚಿಕ್ಕ ತುಂಡು ಇನ್ನೂ ಉಳಿದಿದೆ. ಮೆಜೆಸ್ಟಿಕ್ಕಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು, ನೀರು ಎಲ್ಲಿಯವರೆಗೆ ಇದ್ದಿರಬಹುದು ಅಂತ ಏರಿಯ ಅಂದಾಜಿನಲ್ಲಿ ಗೆರೆ ಎಳೆಯಿರಿ. ಜನ ಗುದ್ದಿಕೊಂಡು ಹೋಗುತ್ತಾರೆ. ಹೋಗಲಿ.

ಮರದ ವಿಷಯಕ್ಕೆ ಬಂದರೆ, ನಿಮ್ಮೂರಿಗೆ ರುಮಾಲೆ ಚನ್ನಬಸವಯ್ಯ ಇದ್ದರು. ಸ್ವಾತಂತ್ರ್ಯ ಹೋರಾಟಗಾರರು, ಪತ್ರಿಕೆ ನಡೆಸಿದವರು, ಅದೆಲ್ಲ ಬಿಟ್ಟು ಬಯಲಿನಲ್ಲೇ ಈಸೆಲ್ ನಿಲ್ಲಿಸಿಕೊಂಡು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದರು. ಅವರ ಗುಲ್‌ಮೊಹರ್ ನೋಡಿದರೆ ಕಣ್ಣು ಉರಿಯುತ್ತದೆ, ಅಷ್ಟು ಕೆಂಪು. ಅವರಿಗೆ ಈ ಭಾಗ್ಯ ಸಿಕ್ಕಿದ್ದರ ಹಿಂದೆ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಕೂಡ ಇದ್ದಾರೆ. ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರ ಹಾಕಿಸಿದವರು ಅವರು. ಆ ಸರದಿ ಇನ್ನೂ ನಡೆಯುತ್ತಿದೆ. ಚಳಿ ಕಳೆಯುವಾಗ ಗುಲಾಬಿ ಟಬೇಬುಯಾ, ಆಮೇಲೆ ಜಕರಂಡ, ಹೊಂಗೆ, ಏಪ್ರಿಲ್ ಮೇ ಹೊತ್ತಿಗೆ ಗುಲ್‌ಮೊಹರ್. ಆಫೀಸಿನಿಂದ ಮನೆಗೆ ಎರಡು ಸ್ಟಾಪ್ ಮುಂಚೆ ಇಳಿದು ನಡೆಯಿರಿ, ಬರೆಯಲು ಏನಿಲ್ಲ ಅಂತ ಆಮೇಲೆ ಹೇಳಿ.

ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯ ಕಡೆಗೂ ಒಮ್ಮೆ ಹೋಗಿ. ಕೆ. ವೆಂಕಟಪ್ಪನವರು 1920ರ ದಶಕದಲ್ಲಿ ಊಟಿಯಲ್ಲಿದ್ದು ಬರೆದ ಜಲವರ್ಣಗಳಲ್ಲಿ ಬೆಟ್ಟ ಒಂದೇ, ಗಳಿಗೆಗೊಂದು ಬೆಳಕು.

ಇದನ್ನೆಲ್ಲ ಮಾಡಿ ಮಾರುವುದು ಹೇಗೆ?
— ದಾವಣಗೆರೆಯ ಓದುಗರು

ಕಷ್ಟ. ನಡಿಗೆ ಮಾರಲು ಬರುವುದಿಲ್ಲ, ಫೋಟೋ, ಚಿತ್ರ, ಪುಸ್ತಕ ಮಾರಬಹುದು. ಲಾಂಗ್ ಬದುಕುವುದೂ ಹಾಗೇ. ಕೆಲಸ ಬಿಡಬೇಡಿ.

ಮನೆ ಎದುರಿನ ಹೊಂಗೆ ಮರವನ್ನು ವರ್ಷಗಟ್ಟಲೆ ಬರೆಯುತ್ತಿದ್ದೆ. ರಸ್ತೆ ಅಗಲ ಮಾಡಲು ಕಡಿದರು. ಈಗ ಪುಸ್ತಕ ತೆರೆಯಲೂ ಮನಸ್ಸಿಲ್ಲ.
— ಮೈಸೂರಿನ ಓದುಗರು

ಇದಕ್ಕೆ ಸಮಾಧಾನದ ಮಾತು ನನ್ನ ಹತ್ತಿರ ಇಲ್ಲ. ಒಬ್ಬ ಕಲಾವಿದ ಇಂಥದ್ದೇ ಸಂದರ್ಭದಲ್ಲಿ ಏನು ಮಾಡಿದ ಅಂತ ಮಾತ್ರ ಹೇಳಬಲ್ಲೆ.

ಡೇವಿಡ್ ನ್ಯಾಶ್ 1977ರಲ್ಲಿ ವೇಲ್ಸ್‌ನ ಬೆಟ್ಟಗಳ ನಡುವೆ 22 ಆ್ಯಶ್ ಸಸಿಗಳನ್ನು ವೃತ್ತವಾಗಿ ನೆಟ್ಟ. ಅಲ್ಲಿ ಬೇಲಿಗಿಡಗಳನ್ನು ಬಗ್ಗಿಸಿ ಹೆಣೆಯುವ ಹಳೇ ರೂಢಿ ಇದೆ. ಅದೇ ವಿದ್ಯೆಯಿಂದ ವರ್ಷಾನುಗಟ್ಟಲೆ ಸಸಿಗಳನ್ನು ಬಗ್ಗಿಸಿ, ಅವು ಒಂದು ಗುಮ್ಮಟವಾಗಿ ಬೆಳೆಯುವಂತೆ ಮಾಡಿದ. ಜಾಗ ಎಲ್ಲಿ ಅಂತ ಯಾರಿಗೂ ಹೇಳಲಿಲ್ಲ. ಹೋಗುತ್ತಿದ್ದ, ನೋಡುತ್ತಿದ್ದ, ಬರೆಯುತ್ತಿದ್ದ. ಆಮೇಲೆ ಯುರೋಪಿನ ಆ್ಯಶ್ ಮರಗಳಿಗೆಲ್ಲ ಹಬ್ಬಿದ ಶಿಲೀಂಧ್ರ ರೋಗ ಈ ವೃತ್ತಕ್ಕೂ ಬಂತು. ಮರಗಳು ಸಾಯುವುದು ಖಚಿತವಾದಾಗ ಆತ ಅವನ್ನು ಕಡಿಸಲಿಲ್ಲ, ಬರೆಯುವುದನ್ನೂ ನಿಲ್ಲಿಸಲಿಲ್ಲ. 2019ರಲ್ಲಿ ಸುತ್ತಲೂ ಓಕ್ ಸಸಿಗಳನ್ನು ನೆಟ್ಟ. ಅವು ದೊಡ್ಡದಾಗುವುದನ್ನು ನೋಡಲು ತಾನಿರುವುದಿಲ್ಲ ಎಂದು ಆತನಿಗೆ ಗೊತ್ತಿತ್ತು.

ಅವನದ್ದೇ ಇನ್ನೊಂದು ಕೆಲಸ ಇದೆ, ನನಗೆ ಅದೇ ಜಾಸ್ತಿ ಇಷ್ಟ. 1978ರಲ್ಲಿ ಒಂದು ಓಕ್ ಮರದಿಂದ ದೊಡ್ಡ ಗುಂಡು ಕೆತ್ತಿದ. ಹೊತ್ತು ತರಲಾಗದಷ್ಟು ಭಾರ, ಹಳ್ಳದ ನೀರೇ ಒಯ್ಯಲಿ ಅಂತ ಉರುಳಿಸಿದರೆ ನಡುವೆ ಸಿಕ್ಕಿಕೊಂಡಿತು. ಸರಿ, ಅಲ್ಲೇ ಇರಲಿ ಅಂದ. ಒಂದೊಂದು ದೊಡ್ಡ ಮಳೆಗೂ ಅದು ಸ್ವಲ್ಪ ಸ್ವಲ್ಪ ಕೆಳಗೆ ಹೋಯಿತು. ಇವನು ನಡೆದುಹೋಗಿ ಹುಡುಕಿ ಚಿತ್ರ ಬರೆದು ಬರುತ್ತಿದ್ದ. ಹೀಗೆ ಡ್ವಿರಿಡ್ ನದಿಗೆ ಸೇರಿ, ಅಳಿವೆಗೆ ಬಂದು, 2003ರಲ್ಲಿ ಕಾಣೆಯಾಯಿತು. ಸಮುದ್ರ ಸೇರಿತು ಅಂದುಕೊಂಡರು. 2013ರಲ್ಲಿ ಅಳಿವೆಯ ಕೆಸರಿನಲ್ಲಿ ಮತ್ತೆ ಪ್ರತ್ಯಕ್ಷ!

ನಿಮ್ಮ ಹೊಂಗೆ ಬರುವುದಿಲ್ಲ. ಆದರೆ ಆ ಪುಸ್ತಕಗಳನ್ನು ಎಸೆಯಬೇಡಿ. ಆ ಬೀದಿಯಲ್ಲಿ ಆ ಮರ ಹೇಗಿತ್ತು, ಯಾವ ತಿಂಗಳು ಚಿಗುರುತ್ತಿತ್ತು ಅನ್ನುವುದಕ್ಕೆ ಈಗ ಇರುವ ದಾಖಲೆ ಬಹುಶಃ ಅದೊಂದೇ. ಮನಸ್ಸಾದ ದಿನ ಅದೇ ಜಾಗಕ್ಕೆ ಹೋಗಿ ಖಾಲಿ ಆಕಾಶವನ್ನೂ ಬರೆಯಿರಿ. ಮನಸ್ಸಾಗದಿದ್ದರೆ ಬೇಡ.

ಮಳೆಗಾಲದಲ್ಲಿ ನಡೆಯುತ್ತಾ ಬರೆಯುವುದು ಸಾಧ್ಯವೇ? ಹಾಳೆ ಒದ್ದೆ, ಬಣ್ಣ ಒಣಗುವುದಿಲ್ಲ, ಕಾಲಿಗೆ ಇಂಬಳ.
— ಆಗುಂಬೆ ಕಡೆಯ ಓದುಗರು

ಸಾಧ್ಯ, ಜಲವರ್ಣ ಮರೆತುಬಿಡಿ. ಬಾಲ್ ಪೆನ್ನೂ ಒದ್ದೆ ಹಾಳೆಗೆ ಹಿಡಿಯುವುದಿಲ್ಲ. ಮೆತ್ತಗಿನ ಪೆನ್ಸಿಲ್, ಮೇಣದ ಬಣ್ಣದ ಕಡ್ಡಿ, ದಪ್ಪ ಹಾಳೆ, ಇಷ್ಟು ಸಾಕು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದೊಳಗೇ ಇಟ್ಟು, ಕೈ ಒಳಗೆ ಹಾಕಿ ಬರೆಯಬಹುದು, ಮೊದಲು ವಿಚಿತ್ರ ಅನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ. ಇಂಬಳಕ್ಕೆ ನಿಮಗೆ ಗೊತ್ತಿರುವುದಕ್ಕಿಂತ ಜಾಸ್ತಿ ನನಗೇನು ಗೊತ್ತು? ಸುಣ್ಣ, ಹೊಗೆಸೊಪ್ಪು, ಸೋಪು, ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೋ ಅದು. ಹಾಳೆ ಒಣಗಿಸಲು ಬಚ್ಚಲೊಲೆಯ ಹತ್ತಿರ ಹಗ್ಗ ಕಟ್ಟಿ, ಒಲೆಯ ನೇರ ಮೇಲೆ ಮಾತ್ರ ಬೇಡ, ಹೊಗೆ ಹಿಡಿದು ಹಳದಿಯಾಗುತ್ತದೆ.