ಅಮ್ಮನ ಕಣ್ಣಿನ ಪೊರೆ ಆಪರೇಷನ್‌ಗೆ ಯಾವ ಲೆನ್ಸ್ ಹಾಕಿಸಲಿ? ಇಂಪೋರ್ಟೆಡ್ಡೇ ಬೇಕಾ?

ನೀವು ಕೇಳಿದ್ದು ಇಷ್ಟು: ಜಗಳೂರು ಹತ್ತಿರದ ಹಳ್ಳಿ, ಅಮ್ಮನಿಗೆ 66 ವರ್ಷ, ಸಕ್ಕರೆ ಕಾಯಿಲೆ ಇದೆ, ಎರಡೂ ಕಣ್ಣಿಗೆ ಪೊರೆ. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ 12 ಸಾವಿರ, 28 ಸಾವಿರ, 60 ಸಾವಿರ ಅಂತ ಮೂರು ಪ್ಯಾಕೇಜ್ ಬರೆದುಕೊಟ್ಟಿದ್ದಾರೆ. ಕಡಿಮೆಯದ್ದು ಹಾಕಿಸಿದರೆ ಅಮ್ಮನಿಗೆ ಮೋಸ ಮಾಡಿದ ಹಾಗಾಗುತ್ತಾ ಅನ್ನುವುದು ನಿಮ್ಮ ಚಿಂತೆ.

ನಾನು ಡಾಕ್ಟರ್ ಅಲ್ಲ, ಡಾಕ್ಟರಿಗೆ ಸಾಮಾನು ಕೊಡುವವನು. ದಾವಣಗೆರೆಯಲ್ಲಿ ಹದಿನಾಲ್ಕು ವರ್ಷದಿಂದ ಕಣ್ಣಿನ ಆಪರೇಷನ್ ಸಾಮಾನಿನ ಡೀಲರ್. ಲೆನ್ಸ್, ಬ್ಲೇಡ್, ಜೆಲ್, ಡ್ರಾಪ್ಸ್, ಮಶೀನಿನ ಟ್ಯೂಬು, ಎಲ್ಲಾ ನನ್ನ ಅಂಗಡಿಯಿಂದ ಹರಿಹರ, ಚಿತ್ರದುರ್ಗ, ಚಳ್ಳಕೆರೆವರೆಗೆ ಬಸ್ ಪಾರ್ಸೆಲ್‌ನಲ್ಲಿ ಹೋಗುತ್ತೆ. 60 ಸಾವಿರದ್ದು ಹಾಕಿಸಿದರೆ ನನ್ನಂಥವನಿಗೂ ಜಾಸ್ತಿ ಉಳಿಯುತ್ತದೆ. ಇದನ್ನು ತಲೆಯಲ್ಲಿಟ್ಟುಕೊಂಡೇ ಮುಂದೆ ಓದಿ.

60 ಸಾವಿರದ್ದು ಬಹುಶಃ ಮಲ್ಟಿಫೋಕಲ್ ಲೆನ್ಸ್. ನಿಮ್ಮ ಅಮ್ಮನಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂದರೆ, ನಾನೇ ಆ ತಪ್ಪು ಮಾಡಿದ್ದೇನೆ. ಅದೂ ನನ್ನಪ್ಪನ ಕಣ್ಣಲ್ಲಿ.

ನಾಲ್ಕು ವರ್ಷದ ಹಿಂದೆ ಅಪ್ಪನ ಎಡಗಣ್ಣಿಗೆ ಆಪರೇಷನ್ ಮಾಡಿಸಿದೆ. ಮಗ ಲೆನ್ಸ್ ವ್ಯಾಪಾರಿ, ಅಪ್ಪನಿಗೆ ಸಾದಾ ಲೆನ್ಸ್ ಹಾಕಿಸೋದಾ? ಮಲ್ಟಿಫೋಕಲ್ ಹಾಕಿಸಿದೆ. ದೂರದ್ದೂ ಕಾಣುತ್ತೆ, ಹತ್ತಿರದ್ದೂ ಕಾಣುತ್ತೆ, ಕನ್ನಡಕವೇ ಬೇಡ. ಡಾಕ್ಟರು, 'ಅವರು ಏನು ಕೆಲಸ ಮಾಡುತ್ತಾರೆ, ಒಂದ್ಸಲ ಯೋಚನೆ ಮಾಡಿ' ಅಂದಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಪರೇಷನ್ ಚೆನ್ನಾಗೇ ಆಯಿತು. ಅಪ್ಪ ಕನ್ನಡಕ ಇಲ್ಲದೆ ಪೇಪರ್ ಓದಿ ತೋರಿಸಿದರು. ನಾನು ಬೀಗಿದೆ.

ಆದರೆ ಅಪ್ಪ ಪೇಪರ್ ಓದುವವರೇ ಅಲ್ಲ. ಅವರದ್ದು ಭದ್ರಾ ನಾಲೆ ಕಡೆಯ ಭತ್ತದ ಗದ್ದೆ. ರಾತ್ರಿ ನೀರು ಕಟ್ಟೋಕೆ ಟಿವಿಎಸ್ ಹತ್ತಿ ಹೋಗುವ ಮನುಷ್ಯ. ವಾರ ಕಳೆದ ಮೇಲೆ ಒಂದು ರಾತ್ರಿ ಅರ್ಧ ದಾರಿಯಿಂದ ಗಾಡಿ ತಳ್ಳಿಕೊಂಡು ವಾಪಸ್ ಬಂದರು. 'ಎದುರಿಗೆ ಬರೋ ಲಾರಿ ಲೈಟಿಗೆಲ್ಲ ಬಳೆ ತೊಡಿಸಿದಂಗೆ ಕಾಣ್ತೈತೆ ಕಣೋ. ಒಂದು ಲಾರಿನೋ ಎರಡು ಲಾರಿನೋ ಗೊತ್ತಾಗಲ್ಲ' ಅಂದರು. ಮಲ್ಟಿಫೋಕಲ್ ಲೆನ್ಸಿನ ಗುಣವೇ ಅದು. ಒಳಗೆ ಬರುವ ಬೆಳಕನ್ನು ದೂರಕ್ಕಿಷ್ಟು, ಹತ್ತಿರಕ್ಕಿಷ್ಟು ಅಂತ ಹಂಚುತ್ತದೆ. ಹಂಚಿದ ಮೇಲೆ ಒಂದೊಂದು ಪಾಲು ಕಡಿಮೆಯೇ ಅಲ್ವಾ? ಮಬ್ಬು ಬೆಳಕಲ್ಲಿ ಸ್ಪಷ್ಟತೆ ಸ್ವಲ್ಪ ಇಳಿಯುತ್ತೆ, ರಾತ್ರಿ ದೀಪದ ಸುತ್ತ ಉಂಗುರ ಕಾಣುತ್ತೆ. ಬಹಳ ಜನ ಕೆಲವು ತಿಂಗಳಲ್ಲಿ ಒಗ್ಗಿಕೊಳ್ಳುತ್ತಾರೆ. ಅಪ್ಪ ಒಗ್ಗಿಕೊಳ್ಳಲಿಲ್ಲ. ಬಲಗಣ್ಣಿಗೆ ಬಂದಾಗ ಸುಮ್ನೆ ಮಾನೋಫೋಕಲ್, ಅಂದರೆ ಒಂದೇ ದೂರಕ್ಕೆ ಹೊಂದಿಸಿದ ಸಾದಾ ಲೆನ್ಸ್ ಹಾಕಿಸಿದೆ. ಈಗ ರಾತ್ರಿ ಗಾಡಿ ಓಡಿಸುವಾಗ ಎಡಗಣ್ಣನ್ನು ಸ್ವಲ್ಪ ಕಿರಿದು ಮಾಡಿಕೊಳ್ಳುತ್ತಾರೆ. ನೋಡಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ.

ನಿಮ್ಮ ಅಮ್ಮನಿಗೆ ಸಕ್ಕರೆ ಇದೆ ಅಂದಿರಿ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಗೂ (ರೆಟಿನಾ) ಏಟು ಕೊಡಬಹುದು. ಪರದೆಯೇ ಸೊರಗಿದ್ದರೆ ಬೆಳಕು ಹಂಚುವ ಲೆನ್ಸ್ ಇನ್ನಷ್ಟು ಕಷ್ಟ. ಹಾಗಾಗಿ ಲೆನ್ಸ್ ಮಾತು ಆಮೇಲೆ, ಮೊದಲು ಪರದೆ ಪರೀಕ್ಷೆ ಮಾಡಿಸಿ. ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ನೋಡುತ್ತಾರೆ. ಬೇಕೆನಿಸಿದರೆ ಓಸಿಟಿ ಅನ್ನುವ ಸ್ಕ್ಯಾನ್ ಹೇಳುತ್ತಾರೆ. ಆ ದುಡ್ಡು ಉಳಿಸಬೇಡಿ.

ಲೆನ್ಸ್ ಅಂದರೆ ಏನು ಅಂತ ಒಂದು ಮಾತು ಹೇಳುತ್ತೇನೆ. ಪೊರೆ ಅಂದರೆ ಕಣ್ಣ ಮೇಲೆ ಬೆಳೆಯುವ ಪದರ ಅಂತ ಊರಲ್ಲಿ ಇವತ್ತಿಗೂ ಅಂದುಕೊಂಡಿದ್ದಾರೆ. ಅಲ್ಲ. ಕಣ್ಣೊಳಗೆ ಹುಟ್ಟಿನಿಂದ ಇರುವ ಲೆನ್ಸೇ ಮಬ್ಬಾಗುವುದು. ಅದನ್ನು ತೆಗೆದರೆ ಆ ಜಾಗಕ್ಕೆ ಇನ್ನೊಂದು ಬೇಕು. ನಮ್ಮಜ್ಜಿಗೆ ಡಾಕ್ಟರ್ ಎಂ.ಸಿ. ಮೋದಿಯವರ ಕ್ಯಾಂಪಿನಲ್ಲಿ ಆಪರೇಷನ್ ಆಗಿತ್ತು. ಆಗಿನ ಕ್ಯಾಂಪುಗಳಲ್ಲಿ ಮಬ್ಬಾದ ಲೆನ್ಸ್ ತೆಗೆಯುತ್ತಿದ್ದರು, ಬದಲಿಗೆ ಒಳಗೆ ಏನೂ ಇಡುತ್ತಿರಲಿಲ್ಲ. ಹೊರಗೆ ಸೋಡಾ ಬಾಟಲಿ ತಳದಂಥ ದಪ್ಪ ಕನ್ನಡಕ. ಅದು ಬಿದ್ದುಹೋದರೆ ಅಜ್ಜಿಗೆ ಕನ್ನಡಕ ಹುಡುಕೋಕೂ ಕಣ್ಣು ಕಾಣುತ್ತಿರಲಿಲ್ಲ. ಆದರೂ ಸಾಯುವವರೆಗೆ ಮೋದಿ ಡಾಕ್ಟರಿಗೆ ಕೈ ಮುಗಿಯುತ್ತಿದ್ದಳು.

'ಕಣ್ಣೊಳಗೆ ಪ್ಲಾಸ್ಟಿಕ್ಕಾ? ಕೊಳೆಯಲ್ವಾ?' ಅಂತ ನಿಮ್ಮ ಅಮ್ಮ ಕೇಳಿದರೆ ಈ ಕಥೆ ಹೇಳಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಿಮಾನಗಳಲ್ಲಿ ಪೈಲಟ್ ಕೂರುವ ಜಾಗದ ಪಾರದರ್ಶಕ ಗೂಡು ಒಡೆದು ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕಿತ್ತು. ಆ ಗೂಡು ಗಾಜಲ್ಲ, ಅಕ್ರಿಲಿಕ್. ಆ ಚೂರು ಒಳಗೇ ಇದ್ದರೂ ಕಣ್ಣು ಕೆರಳಲಿಲ್ಲ. ಇದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ ಅನ್ನುವ ಡಾಕ್ಟರು 1949ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಅದೇ ವಸ್ತುವಿನ ಲೆನ್ಸನ್ನು ಮೊದಲ ಸಲ ಮನುಷ್ಯನ ಕಣ್ಣೊಳಗೆ ಇಟ್ಟರು. ಅದರ ಹೆಸರು ಪಿಎಂಎಂಎ. ಇವತ್ತಿಗೂ ಕ್ಯಾಂಪುಗಳಲ್ಲಿ ಅದನ್ನು ಹಾಕುವುದುಂಟು.

ನಿಮ್ಮ 12 ಸಾವಿರದ ಪ್ಯಾಕೇಜು ಬಹುಶಃ ಇದೇ. ಈ ಲೆನ್ಸ್ ಗಟ್ಟಿ, ಮಡಚಲು ಬರಲ್ಲ. ಅದಕ್ಕೇ 6-7 ಮಿಲಿಮೀಟರ್ ದಾರಿ ಮಾಡಬೇಕು. ಹೊಲಿಗೆ ಸಾಮಾನ್ಯವಾಗಿ ಬೇಕಾಗಲ್ಲ. ಇದಕ್ಕೆ ಎಸ್‌ಐಸಿಎಸ್ ಅನ್ನುತ್ತಾರೆ. 28 ಸಾವಿರದ್ದು ಮಡಚುವ ಲೆನ್ಸ್, ಫೋಲ್ಡಬಲ್. ಅದಕ್ಕೆ ಎರಡೂವರೆ ಮಿಲಿಮೀಟರ್ ಆಸುಪಾಸಿನ ತೂತು ಸಾಕು. ಬೀಡಿ ಸುತ್ತಿದ ಹಾಗೆ ಸುತ್ತಿ ಸಣ್ಣ ನಳಿಗೆಯಿಂದ ಒಳಗೆ ತಳ್ಳುತ್ತಾರೆ, ಒಳಗೆ ಹೋಗಿ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಮೈಕ್ರೋಸ್ಕೋಪಿನ ಟೀವಿಯಲ್ಲಿ ಎಷ್ಟು ಸಲ ನೋಡಿದ್ದೇನೋ, ಇನ್ನೂ ಬೇಜಾರಾಗಿಲ್ಲ. ಗಾಯ ಬೇಗ ಕೂಡುತ್ತದೆ, ಕನ್ನಡಕಕ್ಕೆ ಹೊಸದಾಗಿ ಅಡ್ಡ ನಂಬರ್, ಅಂದರೆ ಸಿಲಿಂಡರ್ ಪವರ್, ಬರುವುದು ಕಡಿಮೆ. ಆದರೆ ಕೆಲವು ತಿಂಗಳಾದ ಮೇಲೆ, ಕನ್ನಡಕದ ಜೊತೆ ನೋಡಿದರೆ, ಎರಡರ ದೃಷ್ಟಿಯೂ ಹೆಚ್ಚು ಕಡಿಮೆ ಒಂದೇ. ದುಡ್ಡಿಗೆ ಕಷ್ಟ ಇದ್ದರೆ 12 ಸಾವಿರದ್ದೇ ಮಾಡಿಸಿ, ಅದರಲ್ಲಿ ಮೋಸ ಏನೂ ಇಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲೂ ಒಮ್ಮೆ ವಿಚಾರಿಸಿ. ಕುರುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ಇದೆ, ಅದರಲ್ಲಿ ಪೊರೆ ಆಪರೇಷನ್ ಉಚಿತ. ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಹೋಗಿ.

28 ಸಾವಿರದ್ದು ಆಗುತ್ತೆ ಅಂದರೆ ಒಂದು ಪ್ರಶ್ನೆ ಕೇಳಿ: 'ಹೈಡ್ರೋಫೋಬಿಕ್ಕಾ, ಹೈಡ್ರೋಫಿಲಿಕ್ಕಾ?' ಮೊದಲನೆಯದು ನೀರು ಹೀರಲ್ಲ, ಎರಡನೆಯದು ಹೀರುತ್ತೆ. ಲೆನ್ಸಿನ ಹಿಂದಿರುವ ತೆಳು ಚೀಲ ವರ್ಷಗಳ ಮೇಲೆ ಮಬ್ಬಾಗುವುದುಂಟು. 'ಪೊರೆ ಮತ್ತೆ ಬಂತು' ಅಂತ ಜನ ಹೇಳುವುದು ಇದನ್ನೇ. ಹೈಡ್ರೋಫೋಬಿಕ್‌ನಲ್ಲಿ ಅದು ಕಡಿಮೆ. ಬಂದರೂ ಭಯ ಬೇಡ, ಯಾಗ್ ಲೇಸರ್‌ನಲ್ಲಿ ಕೆಲವೇ ನಿಮಿಷದ ಕೆಲಸ.

ಇಂಪೋರ್ಟೆಡ್ ವಿಷಯ. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ಶುರು ಮಾಡಿದ್ದೇ ಹೊರದೇಶದ ಲೆನ್ಸ್ ಬಡವರ ಕೈಗೆ ಎಟುಕಲ್ಲ ಅಂತ. ಆಗ ನೂರು ಡಾಲರ್ ಆಸುಪಾಸಿದ್ದ ಲೆನ್ಸನ್ನು ಹತ್ತು ಡಾಲರಿಗೆ ಇಳಿಸಿದರು. ಇವತ್ತು ಅವರ ಲೆನ್ಸ್ ನೂರಕ್ಕೂ ಹೆಚ್ಚು ದೇಶಕ್ಕೆ ಹೋಗುತ್ತೆ. ನಾವಿಲ್ಲಿ ಇಂಪೋರ್ಟೆಡ್ ಕೊಡಿ ಅಂತ ಕೇಳುತ್ತೇವೆ, ಅಲ್ಲಿ ಅವರಿಗೆ ನಮ್ಮದೇ ಇಂಪೋರ್ಟೆಡ್!

ಈಗ ಯಾರೂ ಕೇಳದ, ಆದರೆ ಎಲ್ಲರೂ ಕೇಳಬೇಕಾದ ವಿಷಯಕ್ಕೆ ಬರುತ್ತೇನೆ: ಅಳತೆ. ಲೆನ್ಸ್ ಅಂದರೆ ಚಪ್ಪಲಿ ಇದ್ದ ಹಾಗೆ, ನಂಬರ್ ಸರಿ ಇಲ್ಲದಿದ್ದರೆ ಯಾವ ಕಂಪನಿಯದಾದರೇನು. ನಂಬರ್ ಸಿಗಬೇಕಾದರೆ ಕಣ್ಣಿನ ಉದ್ದ ಅಳೆಯಬೇಕು, ಮುಂದಿನ ಗಾಜಿನ, ಅಂದರೆ ಕಾರ್ನಿಯಾದ, ಬಾಗು ಅಳೆಯಬೇಕು. ಕಣ್ಣಿನ ಉದ್ದ ಸುಮಾರು 23-24 ಮಿಲಿಮೀಟರ್. ಇದರಲ್ಲಿ ಒಂದೇ ಒಂದು ಮಿಲಿಮೀಟರ್ ತಪ್ಪಿದರೆ ಕನ್ನಡಕದ ನಂಬರ್ ಎರಡೂವರೆಯಷ್ಟು ತಪ್ಪುತ್ತದೆ. ಹಳೆಯ ಪದ್ಧತಿ ಎ-ಸ್ಕ್ಯಾನ್. ಪೆನ್ನಿನಂಥ ಪ್ರೋಬನ್ನು ಕಣ್ಣಿಗೆ ಮುಟ್ಟಿಸಿ ಶಬ್ದದ ಅಲೆಯಿಂದ ಅಳೆಯುತ್ತಾರೆ. ಕೈ ಒಂಚೂರು ಒತ್ತಿದರೂ ಕಣ್ಣು ಅದುಮಿ ಉದ್ದ ಕಡಿಮೆ ತೋರಿಸುತ್ತೆ. ಹೊಸದು ಆಪ್ಟಿಕಲ್ ಬಯೋಮೀಟರ್. ಗಲ್ಲ ಇಟ್ಟು ಕೂತರೆ ಸಾಕು, ಮುಟ್ಟುವುದೇ ಇಲ್ಲ, ಬೆಳಕಲ್ಲೇ ಅಳೆಯುತ್ತೆ. ಆದರೆ ಪೊರೆ ಪೂರ್ತಿ ಬೆಳ್ಳಗಾಗಿದ್ದರೆ ಬೆಳಕು ಒಳಗೆ ಹೋಗಲ್ಲ, ಆಗ ಎ-ಸ್ಕ್ಯಾನೇ ಗತಿ. ಅದರಲ್ಲೂ ಕೈ ಪಳಗಿದವರು ಚೆನ್ನಾಗೇ ಅಳೆಯುತ್ತಾರೆ. 60 ಸಾವಿರದ ಲೆನ್ಸಿಗಿಂತ ನಾನು ಈ ಅಳತೆಯನ್ನು ಜಾಸ್ತಿ ನಂಬುತ್ತೇನೆ.

ಇನ್ನೊಂದು. ಪ್ರತಿ ಲೆನ್ಸ್ ಮಾಡೆಲ್ಲಿಗೂ ಡಬ್ಬಿ ಮೇಲೆ 118.4 ಅಂತಲೋ 118.9 ಅಂತಲೋ ಒಂದು ಸಂಖ್ಯೆ ಇರುತ್ತದೆ. ಪವರ್ ಲೆಕ್ಕ ಹಾಕುವಾಗ ಅದನ್ನೂ ಸೇರಿಸುತ್ತಾರೆ. ಆಪರೇಷನ್ ದಿನ ಬೆಳಿಗ್ಗೆ ಲೆನ್ಸ್ ಬದಲಾಯಿಸಿದರೆ ಪವರನ್ನೂ ಮತ್ತೆ ಲೆಕ್ಕ ಹಾಕಿದರಾ ಅಂತ ಕೇಳಿ. ನಾಚಿಕೊಳ್ಳಬೇಡಿ.

ಇಷ್ಟು ಹೇಳಲು ಕಾರಣ ಇದೆ. ಒಮ್ಮೆ ಒಂದು ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ಬಸ್ ಸ್ಟ್ಯಾಂಡಿನಲ್ಲಿದ್ದೆ. ಅವರು ಹೇಳಿದ ಲೆನ್ಸ್ ಪವರನ್ನು ಟಿಕೆಟ್ ಹಿಂದೆ 21.5 ಅಂತ ಗೀಚಿಕೊಂಡೆ. ನಾನು ಬರೆಯುವ 1, ನೋಡಲು 7ರ ಹಾಗೆ ಇರುತ್ತದೆ. ಅಂಗಡಿ ಹುಡುಗ ಆ ಚೀಟಿ ನೋಡಿ 27.5 ತೆಗೆದುಕೊಟ್ಟ, ನಾನೂ ಡಬ್ಬಿ ನೋಡದೆ ಕಳಿಸಿದೆ. ಥಿಯೇಟರಿನಲ್ಲಿ ಸಿಸ್ಟರ್ ಡಬ್ಬಿ ಒಡೆಯುವ ಮುಂಚೆ ಜೋರಾಗಿ ಓದುತ್ತಾರೆ: ರೋಗಿಯ ಹೆಸರು, ಯಾವ ಕಣ್ಣು, ಮಾಡೆಲ್, ಪವರ್, ಎಕ್ಸ್‌ಪೈರಿ. ಡಾಕ್ಟರು ಶೀಟಿನ ಜೊತೆ ತಾಳೆ ನೋಡುತ್ತಾರೆ. ಅಲ್ಲಿ ಸಿಕ್ಕಿಬಿತ್ತು. ಆವತ್ತು ಓದದೇ ಹಾಕಿದ್ದರೆ ಆ ಮನುಷ್ಯನಿಗೆ ಒಂದು ಗೇಣು ಆಚೆಗಿನದೆಲ್ಲ ಮಸುಕಾಗಿರುತ್ತಿತ್ತು. ಅವತ್ತಿನಿಂದ ಫೋನಿನಲ್ಲಿ ಪವರ್ ತೆಗೆದುಕೊಳ್ಳಲ್ಲ, ಮೆಸೇಜ್ ಬರಲೇಬೇಕು. ಡಬ್ಬಿಯೊಳಗೆ ಲೆನ್ಸಿನ ಹೆಸರು, ಪವರ್, ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್‌ಗಳಿರುತ್ತವೆ. ಒಂದನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿಕೊಡಿ ಅಂತ ಕೇಳಿ ಪಡೆಯಿರಿ. ನೀವು ದುಡ್ಡು ಕೊಟ್ಟ ಲೆನ್ಸೇ ಒಳಗಿದೆ ಅನ್ನುವುದಕ್ಕೆ ಅದೇ ರಸೀದಿ.

'ಲೇಸರ್ ಆಪರೇಷನ್' ಅಂತ ನೀವೂ ಬರೆದಿದ್ದೀರಿ. ಸಣ್ಣ ತೂತಿನಿಂದ ಪೊರೆ ತೆಗೆದು ಮಡಚುವ ಲೆನ್ಸ್ ಹಾಕುವ ಆಪರೇಷನ್ನಿಗೆ ಫೇಕೋ ಅನ್ನುತ್ತಾರೆ, ಅದು ಲೇಸರ್ ಅಲ್ಲ. ಹಲ್ಲಿನ ಡಾಕ್ಟರು ಪಾಚಿ ತೆಗೆಯುವ ಮಶೀನು ನೋಡಿ ಚಾರ್ಲ್ಸ್ ಕೆಲ್‌ಮನ್ ಅನ್ನುವ ಅಮೆರಿಕದ ಡಾಕ್ಟರಿಗೆ ಹೊಳೆದದ್ದು, 1967ರ ಸುಮಾರಿಗೆ. ಸೂಜಿಯಂಥ ಟೈಟಾನಿಯಂ ತುದಿ ಸೆಕೆಂಡಿಗೆ ನಲವತ್ತು ಸಾವಿರದಷ್ಟು ಸಲ ಅದುರಿ ಪೊರೆಯನ್ನು ಪುಡಿ ಮಾಡಿ ಹೀರುತ್ತೆ. ನಿಜವಾದ ಲೇಸರ್ ಬೇರೆ ಇದೆ, ಫೆಮ್ಟೋ ಅಂತ. ಅದರಲ್ಲೂ ಕೊನೆಗೆ ಹೀರೋಕೆ ಫೇಕೋ ತುದಿಯೇ ಬೇಕು.

'ಪೊರೆ ಇನ್ನೂ ಹಣ್ಣಾಗಲಿ' ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅಜ್ಜಿ ಕಾಲದ ಆಪರೇಷನ್‌ಗೆ ಅದು ಸರಿ ಇತ್ತು. ಈಗ ಜಾಸ್ತಿ ಹಣ್ಣಾದಷ್ಟೂ ಕಲ್ಲಾಗುತ್ತೆ, ಪುಡಿ ಮಾಡಲು ಮಶೀನು ಜಾಸ್ತಿ ಹೊತ್ತು ಓಡಬೇಕು, ಕಣ್ಣಿನ ಮುಂದಿನ ಗಾಜಿನ ಜೀವಕೋಶಗಳಿಗೆ ಪೆಟ್ಟು. ಡ್ರಾಪ್ಸ್ ಹಾಕಿ ಪೊರೆ ಕರಗಿಸುತ್ತೇವೆ ಅನ್ನುವವರ ಹತ್ತಿರವಂತೂ ಹೋಗಲೇಬೇಡಿ. ಅಂಥ ಡ್ರಾಪ್ಸ್ ಇದ್ದಿದ್ದರೆ ನಾನು ಅದನ್ನೇ ಮಾರುತ್ತಿದ್ದೆ.

ಆಪರೇಷನ್ ಆದ ಮೇಲಿನ ಡ್ರಾಪ್ಸ್ ಮಾತ್ರ ತಪ್ಪಿಸಬಾರದು. ಸಾಮಾನ್ಯವಾಗಿ ಒಂದು ಆ್ಯಂಟಿಬಯೋಟಿಕ್, ಒಂದು ಸ್ಟಿರಾಯ್ಡ್. ಸ್ಟಿರಾಯ್ಡನ್ನು ವಾರ ವಾರ ಕಡಿಮೆ ಮಾಡುತ್ತಾ ಹೋಗುತ್ತಾರೆ, ನೀವಾಗೇ ನಿಲ್ಲಿಸಬೇಡಿ. ಒಂದು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು. ಬಾಟಲಿ ಮೂತಿ ರೆಪ್ಪೆಗೆ ತಾಗಬಾರದು. ನಿಮ್ಮ ಕಡೆ ಮೆಕ್ಕೆಜೋಳ, ಶೇಂಗಾ ಒಕ್ಕಣೆ ಸಮಯವಾದರೆ ಅಮ್ಮನನ್ನು ಕಣದ ಹತ್ತಿರ ಬಿಡಬೇಡಿ, ಸೌದೆ ಒಲೆ ಮುಂದೆಯೂ ಬೇಡ. ಕಣ್ಣು ಕೆಂಪಾಗಿ ನೋವು ಜಾಸ್ತಿಯಾಯಿತು, ಅಥವಾ ಕಾಣುತ್ತಿದ್ದದ್ದು ಮಸುಕಾಯಿತು ಅಂದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಮೊದಲ ಬಸ್ ಹತ್ತಿ.

ಅಮ್ಮ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಚೀಟಿ ಸಮೇತ ಡಾಕ್ಟರಿಗೆ ತೋರಿಸಿ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮುಖ್ಯವಾಗಿ. ಮತ್ತೆ, ಮಾನೋಫೋಕಲ್ ಹಾಕಿಸಿದರೆ ಅಕ್ಕಿ ಆರಿಸೋಕೆ, ಸೂಜಿಗೆ ದಾರ ಪೋಣಿಸೋಕೆ ಕನ್ನಡಕ ಬೇಕಾಗುತ್ತೆ ಅಂತ ಈಗಲೇ ಹೇಳಿಡಿ. ಇಲ್ಲದಿದ್ದರೆ ಆಮೇಲೆ 'ದುಡ್ಡು ಕೊಟ್ಟರೂ ಕನ್ನಡಕ ತಪ್ಪಲಿಲ್ಲ' ಅಂತ ನಿಮ್ಮನ್ನೇ ಬೈಯುತ್ತಾರೆ.

ಮೂರು ಪ್ಯಾಕೇಜಿನ ಲೆನ್ಸ್ ಮಾಡೆಲ್ ಹೆಸರು ಸಿಕ್ಕರೆ ಕೆಳಗೆ ಕಾಮೆಂಟ್‌ನಲ್ಲಿ ಹಾಕಿ, ಯಾವುದು ಏನು ಅಂತ ಹೇಳುತ್ತೇನೆ. ಪವರ್ ಮಾತ್ರ ನನ್ನನ್ನು ಕೇಳಬೇಡಿ.